ಒಂದೇ ಮನೆಲಿ ಹುಟ್ಟಿ ನಾನು ಮೇಲೆ ಬಂದೆ, ಅಣ್ಣ ಯಾಕೆ ಬರ್ಲಿಲ್ಲ?

ಪ್ರಶ್ನೆ: ನಾವಿಬ್ರು ಅಣ್ಣ ತಮ್ಮ. ಚಿಕ್ಕವರಿದ್ದಾಗ ತುಂಬಾ ಬಡತನ, ಅಪ್ಪ ಹಾಸಿಗೆ ಹಿಡಿದ ಮೇಲೆ ಅಣ್ಣ ಸ್ಕೂಲ್ ಬಿಟ್ಟು ವೆಲ್ಡಿಂಗ್ ಕೆಲಸಕ್ಕೆ ಹೋದ, ನಾನು ಓದಿ ಕೆಲಸ ಹಿಡಿದು ಈಗ ಚೆನ್ನಾಗಿದೀನಿ. ಅಣ್ಣ ಇವತ್ತಿಗೂ ಅಲ್ಲೇ ಇದಾನೆ. ಎರಡು ಮೂರು ತಿಂಗಳಿಗೊಂದ್ಸಲ ದುಡ್ಡು ಕೇಳ್ತಾನೆ, ಕೊಡ್ತೀನಿ, ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಸಾಲ ಬೇರೆ ಇದೆ. ಹೋದ್ಸಲ ಕೊಟ್ಟಿದ್ರಲ್ಲಿ ಟಿವಿ ತಗೊಂಡಿದಾನೆ! ನಾನು ಬಂದೆ ಅಂದ್ರೆ ಅವನೂ ಬರಬಹುದಿತ್ತಲ್ವಾ? ಇನ್ಮೇಲೆ ಕೊಡೋದು ನಿಲ್ಲಿಸೋಣ ಅಂತಿದೀನಿ. ಸರಿನಾ ತಪ್ಪಾ ಹೇಳಿ ಸರ್.

ಉತ್ತರ: ನಿಮ್ಮ ಪ್ರಶ್ನೆ ಮೂರು ಸಲ ಓದಿದೆ. ನೀವು ಜೋರಾಗಿ ಹೇಳಿರೋದು ಟಿವಿ ವಿಷ್ಯ, ನನ್ನ ಕಣ್ಣು ನಿಂತಿದ್ದು ಎರಡನೇ ಸಾಲಲ್ಲಿ. ಅಪ್ಪ ಹಾಸಿಗೆ ಹಿಡಿದ್ರು, ಅಣ್ಣ ಸ್ಕೂಲ್ ಬಿಟ್ಟ, ನೀವು ಓದಿದ್ರಿ. ಇದನ್ನ ಹಾಗೇ ಹೇಳ್ಕೊಂಡು ಮುಂದಕ್ಕೆ ಹೋಗ್ಬಿಟ್ಟಿದೀರ, ಆದ್ರೆ ಒಂದೇ ಮನೆ ಎರಡು ಮನೆ ಆಗಿದ್ದು ಅಲ್ಲೇ. ನೀವು ಬೆಳೆದ ಮನೆಲಿ ದುಡಿದು ತಂದುಹಾಕೋ ಅಣ್ಣ ಒಬ್ಬ ಇದ್ದ. ಅವನು ಬೆಳೆದ ಮನೆಲಿ ಅಂಥೋನು ಯಾರೂ ಇರ್ಲಿಲ್ಲ.

ನಿಮ್ಮನ್ನ ಚುಚ್ಚೋಕೆ ಹೇಳ್ತಿಲ್ಲ, ನೀವು ಕಷ್ಟಪಟ್ಟಿದ್ದು ಸುಳ್ಳು ಅಂತಾನೂ ಅಲ್ಲ. ನಾನು ಸುಮಾರು ವರ್ಷ ಬಡವರ ಮನೆಗಳಲ್ಲಿ ಖರ್ಚಿನ ಲೆಕ್ಕ ಬರೆಸೋ ಕೆಲಸ ಮಾಡ್ದೋನು, ಅಂದ್ರೆ ವಾರಕ್ಕೊಂದ್ಸಲ ಹೋಗಿ ಕೂತು, ಈ ವಾರ ಎಷ್ಟು ಬಂತು, ಎಷ್ಟು ಹೋಯ್ತು, ಯಾರ ಹತ್ರ ಇಸ್ಕೊಂಡ್ರಿ, ಯಾರಿಗೆ ಕೊಟ್ರಿ ಅಂತ ಕೇಳಿ ಕೇಳಿ ಬರ್ಕೊಳೋದು. ಆ ಪುಸ್ತಕಗಳನ್ನ ನೋಡಿ ನೋಡಿ ನನಗೆ ಗಟ್ಟಿ ಆಗಿರೋ ಮಾತು ಒಂದೇ: ಬಡತನ ಅಂದ್ರೆ ದುಡ್ಡು ಕಮ್ಮಿ ಇರೋದಕ್ಕಿಂತ ಹೆಚ್ಚಾಗಿ ಎಡವೋಕೆ ಜಾಗ ಇಲ್ಲದೇ ಇರೋದು. ಉಳ್ಳವರು ಎಡವಿದ್ರೆ ಮೊಣಕಾಲು ತರಚತ್ತೆ, ಇಲ್ಲದವರು ಎಡವಿದ್ರೆ ಮನೆನೇ ಮಲಗತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ರೂ ಬುದ್ಧಿ ಹೇಳ್ತಾರಲ್ಲ, ಹಾಸಿಗೆ ದಿನಾ ಒಂದೇ ಅಳತೆ ಇದ್ರೆ ಆ ಗಾದೆ ಸರಿ. ಕೂಲಿಯವನ ಹಾಸಿಗೆ ಇವತ್ತು ಆರಡಿ, ನಾಳೆ ಮೂರಡಿ, ನಾಡಿದ್ದು ಹಾಸಿಗೆನೇ ಇಲ್ಲ, ಅವನು ಕಾಲನ್ನ ಎಲ್ಲಿಗೆ ಅಂತ ಮಡಚಬೇಕು?

ಒಂದು ಸಣ್ಣ ಕತೆ ಹೇಳ್ತೀನಿ, ದುಡ್ಡಿನ ಲೆಕ್ಕ ಬೇಡ, ಒಂದು ದಿನದ ಕೂಲಿ ಅನ್ನೋದನ್ನೇ ಅಳತೆ ಇಟ್ಕೊಳಿ. ನಾನು ಲೆಕ್ಕ ಬರೆಸ್ತಿದ್ದ ಒಂದು ಮನೆಯವನು ಸೈಕಲ್ಲಲ್ಲಿ ಕೆಲಸಕ್ಕೆ ಹೋಗ್ತಿದ್ದ. ಹಿಂದಿನ ಟೈರ್ ಸವೆದು ದಾರ ಕಾಣ್ತಿತ್ತು. ಹೊಸ ಟೈರ್ ಅಂದ್ರೆ ಎರಡು ದಿನದ ಕೂಲಿ, ಎರಡು ದಿನದ ಕೂಲಿ ಒಟ್ಟಿಗೆ ಕೈಲಿ ನಿಲ್ಲೋದೇ ಇಲ್ಲ, ಸೋ ಪಂಕ್ಚರ್ ಹಾಕಿಸ್ದ, ಅದು ಕಾಲು ದಿನದ ಕೂಲಿ. ಎರಡು ತಿಂಗಳಲ್ಲಿ ಏಳು ಪಂಕ್ಚರ್. ಅಂದ್ರೆ ಹೊಸ ಟೈರ್ ರೇಟಿಗೆ ಹತ್ತತ್ರ ಆಗೋಷ್ಟನ್ನ ಅದೇ ಟೈರಿಗೆ ಸುರಿದ, ಟೈರ್ ಮಾತ್ರ ಹಳೇದೇ. ಎಂಟನೇ ಸಲ ದಾರಿ ಮಧ್ಯದಲ್ಲಿ ಸಿಡಿದೇ ಹೋಯ್ತು, ತಳ್ಕೊಂಡು ಹೋಗೋಷ್ಟರಲ್ಲಿ ಮೇಸ್ತ್ರಿ ಬೇರೆಯವನನ್ನ ಇಟ್ಕೊಂಡಿದ್ದ, ಬೇರೆಯವನು ಚೆನ್ನಾಗೇ ಕೆಲಸ ಮಾಡ್ದ ಅಂತ ಮೂರು ದಿನ ಇವನನ್ನ ಕರೀಲಿಲ್ಲ. ಮೂರು ದಿನದ ಊಟಕ್ಕೆ ವಾರದ ಬಡ್ಡಿಗೆ ಕೈಸಾಲ. ಆ ಸಾಲ ತೀರೋಕೆ ನಾಲ್ಕು ತಿಂಗಳು ಹಿಡೀತು. ಪುಸ್ತಕದಲ್ಲಿ ಆ ಸಾಲದ ಮುಂದೆ ಕಾರಣ ಅನ್ನೋ ಕಾಲಂನಲ್ಲಿ ನಾನು ಟೈರ್ ಅಂತ ಬರ್ದೆ, ಅವನು ಓದಿಸಿ ಕೇಳ್ಕೊಂಡು ಟೈರ್ ಅಲ್ಲ ಸರ್, ನನ್ನ ಟೈಮ್ ಸರಿ ಇರ್ಲಿಲ್ಲ ಅಂತ ಬರೀರಿ ಅಂದ. ನಮ್ ನಿಮ್ಮ ಗಾಡಿ ಪಂಕ್ಚರ್ ಆದ್ರೆ ಏನಾಗತ್ತೆ? ಅರ್ಧ ಗಂಟೆ ಲೇಟು, ಆಫೀಸಲ್ಲಿ ಹೇಳ್ಕೊಂಡು ನಗ್ತೀವಿ.

ಈ ವಾರದ ಬಡ್ಡಿ ಅನ್ನೋದನ್ನ ಒಂದ್ಸಲ ಕೂತು ಲೆಕ್ಕ ಹಾಕಿ ನೋಡಿ. ವಾರಕ್ಕೆ ನೂರಕ್ಕೆ ಐದು ಅಂದ್ರೆ ಕೇಳೋಕೆ ಏನೂ ಅನ್ಸಲ್ಲ. ಕಟ್ಟದೇ ಬಿಟ್ಟು ಚಕ್ರಬಡ್ಡಿ ಬೆಳೀತಾ ಹೋದ್ರೆ 52 ವಾರಕ್ಕೆ 100 ಇದ್ದಿದ್ದು 1,264 ಆಗತ್ತೆ. ಉಳ್ಳವರಿಗೆ ಬ್ಯಾಂಕು ಒಂದು ವರ್ಷಕ್ಕೆ ಹಾಕೋ ಬಡ್ಡಿನ ಇಲ್ಲದವರು ಎರಡು ಮೂರು ವಾರಕ್ಕೆ ಕಟ್ತಿರ್ತಾರೆ. ಸಣ್ಣ ಪೊಟ್ಟಣದಲ್ಲಿ ತಗೊಂಡ್ರೆ ರೇಟು ಜಾಸ್ತಿ, ಮುಂಗಡ ಕೊಡೋಕಾಗದೇ ಇದ್ರೆ ಬಾಡಿಗೆ ಜಾಸ್ತಿ, ಹಲ್ಲು ನೋವು ಶುರುವಾದಾಗ ತೋರಿಸದೇ ಇದ್ರೆ ಕೊನೆಗೆ ಕೀಳಿಸೋ ಖರ್ಚು ಜಾಸ್ತಿ. ಬಡವರಿಗೆ ಎಲ್ಲಾ ಸೋವಿಲಿ ಸಿಗತ್ತೆ ಅಂತ ಕೆಲವರು ಹೇಳ್ತಾರೆ, ಅವರು ಈ ಲೆಕ್ಕದ ಪುಸ್ತಕ ನೋಡಿಲ್ಲ ಅಷ್ಟೇ.

ಹಾಗಾದ್ರೆ ಸ್ವಲ್ಪ ಸ್ವಲ್ಪ ಉಳಿಸಬಹುದಲ್ವಾ ಅಂತೀರ. ಉಳಿಸ್ತಾರೆ ಸ್ವಾಮಿ, ನಾವು ನೀವು ಉಳಿಸೋದಕ್ಕಿಂತ ಹಟ ಹಿಡಿದು ಉಳಿಸ್ತಾರೆ. ಒಂದು ಮನೆಯ ಹೆಂಗಸು ಪಕ್ಕದ ಮನೆಯಾಕೆ ಹತ್ರ ದಿನಾ ಸ್ವಲ್ಪ ಕೊಟ್ಟಿಡ್ತಿದ್ಲು, ಅದೇ ಟೈಮಲ್ಲಿ ಬೇರೆ ಕಡೆ ಬಡ್ಡಿಗೆ ಸಾಲ ತಂದಿದ್ಲು. ನನಗೆ ಆಗ ವಯಸ್ಸು ಚಿಕ್ಕದು, ಓದಿದ ಜಂಬ ಬೇರೆ, ಅಲ್ಲಮ್ಮ ಅಲ್ಲಿಟ್ಟಿರೋದು ತೆಗೆದು ಈ ಸಾಲ ತೀರಿಸಬಾರ್ದಾ, ಬಡ್ಡಿ ಉಳಿಯತ್ತಲ್ಲ ಅಂದೆ. ಆಕೆ ನಕ್ಕು, ಸಾಲ ಕೊಟ್ಟೋನು ಬಾಗಿಲಿಗೆ ಬಂದು ನಿಂತ್ಕೊಂಡು ವಸೂಲಿ ಮಾಡ್ತಾನೆ, ಇಟ್ಟಿರೋದು ಒಂದ್ಸಲ ತೆಗೆದ್ರೆ ಮತ್ತೆ ತುಂಬಿಸು ಅಂತ ಯಾರು ಬರ್ತಾರೆ ಅಂದ್ಲು. ಬಡ್ಡಿನ ಆಕೆ ತನ್ನನ್ನೇ ಕಾಯೋ ಕಾವಲುಗಾರನಿಗೆ ಕೊಡೋ ಸಂಬಳ ಅಂತ ಲೆಕ್ಕ ಹಾಕಿದ್ಲು. ಅವತ್ತಿಂದ ನಾನು ಬುದ್ಧಿ ಹೇಳೋದು ನಿಲ್ಲಿಸಿದೆ, ಕೇಳೋದು ಜಾಸ್ತಿ ಮಾಡ್ದೆ.

ಈಗ ನಿಮ್ಮ ಟಿವಿಗೆ ಬರೋಣ. ಮನೇಲಿ ನಗದು ಇದ್ರೆ ಅದು ನಿಲ್ಲಲ್ಲ, ಯಾರಿಗೋ ಹುಷಾರಿಲ್ಲ, ಯಾರೋ ಬಂದು ಕೇಳಿದ್ರು, ಸಾಲದೋನು ಮೂಸಿ ನೋಡ್ದ, ಹೋಯ್ತು. ವಸ್ತು ಆದ್ರೆ ಉಳಿಯತ್ತೆ, ತೀರಾ ಆಗದೇ ಇದ್ರೆ ಮಾರಬಹುದು ಅಥವಾ ಒತ್ತೆ ಇಡಬಹುದು. ಜೊತೆಗೆ ದಿನವಿಡೀ ವೆಲ್ಡಿಂಗ್ ಬೆಂಕಿ ಮುಂದೆ ಕೂತು ಬಂದೋನು ರಾತ್ರಿ ಒಂದು ಗಂಟೆ ಬೇರೆ ಲೋಕ ನೋಡ್ಬೇಕು ಅನ್ಕೊಂಡ್ರೆ ಅದನ್ನ ದುಂದು ಅನ್ನೋಕೆ ನನ್ನ ಬಾಯಿ ಬರಲ್ಲ. ನಿಮ್ಮನೆ ಟಿವಿ ತಗೊಂಡಾಗ ನೀವು ಯಾರಿಗಾದ್ರೂ ಲೆಕ್ಕ ಒಪ್ಪಿಸಿದ್ರಾ? ಬಡವರ ಕೈಗೆ ದುಡ್ಡು ಕೊಟ್ರೆ ಕುಡಿದು ಹಾಳು ಮಾಡ್ತಾರೆ ಅನ್ನೋ ಮಾತೂ ಇದೇ ಜಾತಿಗೆ ಸೇರಿದ್ದು. ಬೇರೆ ಬೇರೆ ದೇಶಗಳ ನಗದು ಕೊಡೋ ಯೋಜನೆಗಳ 19 ಅಧ್ಯಯನಗಳನ್ನ ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತೆ ಅನ್ನಾ ಪೋಪೋವಾ ಒಟ್ಟಿಗೆ ಇಟ್ಟು ನೋಡಿದ್ರು, ಹೆಂಡ ಸಿಗರೇಟಿನ ಖರ್ಚು ಒಟ್ಟಾರೆ ಹೆಚ್ಚಾಗಿರ್ಲಿಲ್ಲ, ಕೆಲವು ಕಡೆ ಕಮ್ಮಿನೇ ಆಗಿತ್ತು.

ಇನ್ನೊಂದು ಪ್ರಯೋಗ ನನಗೆ ಯಾವಾಗ್ಲೂ ನೆನಪಾಗತ್ತೆ. 2013ರಲ್ಲಿ ಪ್ರಕಟ ಆಗಿದ್ದು. ಅಮೆರಿಕದ ರೋಚೆಸ್ಟರ್ ಯೂನಿವರ್ಸಿಟಿಲಿ 28 ಚಿಕ್ಕ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಈಗ್ಲೇ ತಿನ್ನದೇ ಕಾದ್ರೆ ಎರಡು ಕೊಡ್ತೀವಿ ಅಂದ್ರು. ಅದಕ್ಕಿಂತ ಮುಂಚೆ ಅರ್ಧ ಮಕ್ಕಳಿಗೆ ಒಳ್ಳೆ ಬಣ್ಣದ ಪೆನ್ಸಿಲ್ ತಂದ್ಕೊಡ್ತೀವಿ ಅಂತ ಹೇಳಿ ತಂದ್ಕೊಟ್ಟಿದ್ರು, ಇನ್ನರ್ಧಕ್ಕೆ ಹೇಳಿ ತರದೇ ಸಾರಿ ಅಂದಿದ್ರು. ಮಾತು ಉಳಿಸ್ಕೊಂಡ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದ್ವು, ಮಾತು ತಪ್ಪಿಸಿದ ಗುಂಪಿನವು 3 ನಿಮಿಷ. ಮಕ್ಕಳಲ್ಲಿ ತಾಳ್ಮೆ ಕಮ್ಮಿ ಇದ್ದಿದ್ದಲ್ಲ, ನಾಳೆ ಮೇಲೆ ನಂಬಿಕೆ ಹೋಗಿತ್ತು. ನಿಮ್ಮಣ್ಣನಿಗೆ ಎಷ್ಟು ಸಲ ಪೆನ್ಸಿಲ್ ಬರ್ಲಿಲ್ಲ ಅಂತ ಯೋಚ್ನೆ ಮಾಡಿ.

ತಲೆ ಮೇಲಿನ ಭಾರನೂ ಇದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನ ಕಟಾವಿಗೆ ಮುಂಚೆ, ಅಂದ್ರೆ ಕೈ ಖಾಲಿ ಇದ್ದಾಗ, ಮತ್ತೆ ಕಟಾವು ಆಗಿ ದುಡ್ಡು ಬಂದ ಮೇಲೆ ಒಂದೇ ಥರದ ಬುದ್ಧಿ ಪರೀಕ್ಷೆಗೆ ಕೂರಿಸಿದ್ರು, 2013ರಲ್ಲಿ ಅದರ ಫಲಿತಾಂಶ ಬಂತು. ಅದೇ ಮನುಷ್ಯ, ಅದೇ ತಲೆ, ದುಡ್ಡಿಲ್ಲದಾಗ ಅಂಕ ಕಮ್ಮಿ. ಇದನ್ನ ಎಲ್ರೂ ಒಪ್ಪಿಲ್ಲ ಅನ್ನೋದನ್ನೂ ಹೇಳ್ಬೇಕು. 2016ರಲ್ಲಿ ಅಮೆರಿಕದಲ್ಲಿ ಸಂಬಳದ ದಿನಕ್ಕೆ ಮುಂಚೆ ಮತ್ತೆ ಆಮೇಲೆ ಜನರನ್ನ ಹೋಲಿಸಿದಾಗ ಬುದ್ಧಿಲಿ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ದುಡ್ಡಿನ ವಿಷ್ಯಕ್ಕೆ ಮಾತ್ರ, ಸಂಬಳ ಬರೋಕೆ ಮುಂಚೆ ಇದ್ದೋರು ಆಮೇಲೆ ಸಿಗೋ ಜಾಸ್ತಿಗಿಂತ ಈಗ ಸಿಗೋ ಕಮ್ಮಿನೇ ಹೆಚ್ಚು ಆರಿಸ್ಕೊಂಡ್ರು. ನನ್ನ ಅನುಭವಕ್ಕೆ ಹತ್ರ ಇರೋದು ಇದೇ. ಹಸಿದೋನಿಗೆ ದಡ್ಡತನ ಬರಲ್ಲ, ಅವನ ಗಡಿಯಾರ ಸಣ್ಣದಾಗತ್ತೆ. ಶನಿವಾರದ ಕಂತು ಕಣ್ಮುಂದೆ ನಿಂತಿರೋವಾಗ ಮುಂದಿನ ವರ್ಷ ಅನ್ನೋದು ಕಾಣೋದೇ ಇಲ್ಲ.

ಕಷ್ಟಪಟ್ಟು ದುಡಿದ್ರೆ ಯಾರು ಬೇಕಾದ್ರೂ ಬರಬಹುದು ಅನ್ನೋ ಮಾತಿಗೆ ನೂರಿಪ್ಪತ್ತೈದು ವರ್ಷದ ಹಳೇ ಉತ್ತರ ಇದೆ. ಇಂಗ್ಲೆಂಡಿನ ಯಾರ್ಕ್ ಅನ್ನೋ ಊರಲ್ಲಿ ಚಾಕೊಲೇಟ್ ಫ್ಯಾಕ್ಟರಿ ಮನೆತನದ ಸೀಬೋಮ್ ರೌಂಟ್ರೀ 1899ರಲ್ಲಿ ಕೂಲಿಕಾರರ ಮನೆಮನೆಗೆ ಜನ ಕಳಿಸಿ ಲೆಕ್ಕ ತೆಗೆಸಿದ, 1901ರಲ್ಲಿ ಪ್ರಕಟ ಮಾಡ್ದ. ಹೊಟ್ಟೆ ಬಟ್ಟೆಗೂ ಆದಾಯ ಸಾಲದೇ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆ ಯಜಮಾನನಿಗೆ ಕೆಲಸ ಇತ್ತು, ದಿನಾ ಹೋಗ್ತಿದ್ದ, ಕೂಲಿನೇ ಸಾಲ್ತಿರ್ಲಿಲ್ಲ. ಸೋಮಾರಿಗಳು ಅನ್ನೋ ಮಾತು ಅವತ್ತೇ ಬಿದ್ದೋಗಬೇಕಿತ್ತು, ಬಿದ್ದಿಲ್ಲ, ಯಾಕಂದ್ರೆ ಅದು ಉಳ್ಳವರಿಗೆ ನಿದ್ದೆ ಬರೋಕೆ ಬೇಕಾದ ಮಾತು. ಅದೇ ರೌಂಟ್ರೀ ಇನ್ನೊಂದು ಕಂಡ್ಕೊಂಡ. ಕೂಲಿಯವನ ಜೀವನದಲ್ಲಿ ಬಡತನ ಮೂರು ಸಲ ಕಚ್ಚತ್ತೆ, ತಾನು ಮಗು ಇದ್ದಾಗ, ತನಗೆ ಚಿಕ್ಕ ಮಕ್ಕಳಿದ್ದಾಗ, ದುಡಿಯೋಕಾಗದ ಮುಪ್ಪಲ್ಲಿ. ನಿಮ್ಮಣ್ಣ ಮೊದಲನೇದನ್ನ ದಾಟೋ ಮುಂಚೆನೇ ಇಡೀ ಮನೆ ಹೊತ್ತ.

ಈಗ ಅಂತರದ ಮಾತು, ಅದು ನಿಮ್ಮಿಬ್ಬರ ಮಧ್ಯೆನೂ ಇದೆ, ಪ್ರಪಂಚದ ಮಧ್ಯೆನೂ ಇದೆ. ವಿಶ್ವಬ್ಯಾಂಕು ಕಡುಬಡತನದ ಗೆರೆನ 2025ರ ಜೂನಲ್ಲಿ ದಿನಕ್ಕೆ 3 ಡಾಲರ್ ಅಂತ ಮಾಡ್ತು, ಅದೂ ಬೇರೆ ಬೇರೆ ದೇಶದ ಬೆಲೆಗಳನ್ನ ಸರಿದೂಗಿಸಿದ ಡಾಲರ್. ಆ ಗೆರೆ ಕೆಳಗೆ ಸುಮಾರು 80 ಕೋಟಿ ಜನ ಇದಾರೆ, ಹತ್ತರಲ್ಲಿ ಒಬ್ರು. ಇನ್ನೊಂದು ಕಡೆ 2022ರ ವಿಶ್ವ ಅಸಮಾನತೆ ವರದಿ ಪ್ರಕಾರ ಮೇಲಿನ ನೂರಕ್ಕೆ ಹತ್ತು ಜನರ ಹತ್ರ ಪ್ರಪಂಚದ ಆಸ್ತಿಯ 76 ಪರ್ಸೆಂಟ್, ಕೆಳಗಿನ ಅರ್ಧ ಜನಕ್ಕೆ ಎಲ್ಲಾ ಸೇರಿ 2 ಪರ್ಸೆಂಟ್. ಆದಾಯ ನೋಡಿದ್ರೆ 52 ಮತ್ತೆ 8.5. ಆದಾಯದ ಅಂತರಕ್ಕಿಂತ ಆಸ್ತಿ ಅಂತರ ಇಷ್ಟು ಕೆಟ್ಟದಾಗಿರೋದು ಗಮನಿಸಿ, ಎಡವೋಕೆ ಜಾಗ ಅಂತ ನಾನು ಹೇಳ್ತಿರೋದು ಇದನ್ನೇ. ಸಂಬಳದಿಂದ ಹೊಟ್ಟೆ ತುಂಬತ್ತೆ, ಬಿದ್ದಾಗ ಹಿಡಿಯೋದು ಆಸ್ತಿ. ನಿಮ್ಮ ಹತ್ರ ಈಗ ಮೂರು ತಿಂಗಳ ಖರ್ಚು ಬ್ಯಾಂಕಲ್ಲಿ ಇದ್ರೆ ಅದರ ಬೆಲೆ ನಿಮಗೆ ಗೊತ್ತಾಗೋದೇ ಇಲ್ಲ, ಅದು ಸುಮ್ನೆ ಅಲ್ಲಿ ಕೂತಿರತ್ತೆ, ಅದು ಕೂತಿರೋದ್ರಿಂದ ನೀವು ಬಾಸ್ ಹತ್ರ ಧೈರ್ಯವಾಗಿ ಮಾತಾಡ್ತೀರ, ಒಳ್ಳೆ ಕೆಲಸಕ್ಕೆ ಕಾಯ್ತೀರ, ರಾತ್ರಿ ಮಲಗ್ತೀರ.

ಮತ್ತೆ ನೀವು ಒಂದೇ ತಲೆಮಾರಲ್ಲಿ ಬಂದ್ರಲ್ಲ, ಅದು ಎಲ್ರಿಗೂ ಆಗೋ ಕತೆ ಅನ್ಕೋಬೇಡಿ. ಶ್ರೀಮಂತ ದೇಶಗಳ ಕೂಟ ಓಇಸಿಡಿ 2018ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಕಡಿಮೆ ಆದಾಯದ ಕುಟುಂಬ ತನ್ನ ದೇಶದ ಸರಾಸರಿ ಆದಾಯ ಮುಟ್ಟೋಕೆ ಆ ದೇಶಗಳಲ್ಲಿ ಸರಾಸರಿ ನಾಲ್ಕೂವರೆ ತಲೆಮಾರು ಬೇಕು. ಡೆನ್ಮಾರ್ಕಲ್ಲಿ ಎರಡು, ಕೊಲಂಬಿಯಾದಲ್ಲಿ ಹನ್ನೊಂದು. ಡೆನ್ಮಾರ್ಕಿನವರು ಕೊಲಂಬಿಯಾದವರಿಗಿಂತ ಐದು ಪಟ್ಟು ಕಷ್ಟಪಡೋರೇನಲ್ಲ, ಅಲ್ಲಿ ಅಪ್ಪ ಹಾಸಿಗೆ ಹಿಡಿದ್ರೆ ಮಗ ಸ್ಕೂಲ್ ಬಿಡಬೇಕಾಗಿಲ್ಲ.

ನಾಚಿಕೆ ಅನ್ನೋದನ್ನೂ ಮರೀಬೇಡಿ. ಆಡಂ ಸ್ಮಿತ್ 1776ರಲ್ಲೇ ಬರ್ದಿದ್ದ, ಹಳೇ ಕಾಲದ ಗ್ರೀಕರು ರೋಮನ್ನರು ಲಿನನ್ ಶರ್ಟ್ ಇಲ್ಲದೇ ಸುಖವಾಗಿದ್ರು, ಆದ್ರೆ ತನ್ನ ಕಾಲದ ಮರ್ಯಾದಸ್ಥ ಕೂಲಿಯವನು ಅದಿಲ್ಲದೇ ನಾಲ್ಕು ಜನರ ಮುಂದೆ ಬರೋಕೆ ನಾಚ್ಕೋತಾನೆ ಅಂತ. ನಿಮ್ಮಣ್ಣ ನಿಮ್ಮನೆಗೆ ಕಮ್ಮಿ ಬರ್ತಾನಾ? ಬಂದ್ರೂ ಬೇಗ ಹೊರಡ್ತಾನಾ? ನೀವು ಬರ್ದಿಲ್ಲ, ನಾನು ಕೇಳ್ತಿದೀನಿ.

ಸರಿ, ಕೊಡೋದಾ ಬೇಡ್ವಾ. ನನ್ನ ಉತ್ತರ, ಈಗ ಕೊಡ್ತಿರೋ ರೀತಿ ನಿಲ್ಲಿಸಿ, ಬೇರೆ ರೀತಿ ಕೊಡಿ. ಎರಡು ತಿಂಗಳಿಗೊಂದ್ಸಲ ಸ್ವಲ್ಪ ಸ್ವಲ್ಪ ಅಂದ್ರೆ ತೂತಿನ ಕೊಡಕ್ಕೆ ನೀರು ಹಾಕಿದ ಹಾಗೆ. ಬಾಂಗ್ಲಾದೇಶದಲ್ಲಿ ಬ್ರಾಕ್ ಅನ್ನೋ ಸಂಸ್ಥೆ ಕಡುಬಡ ಹೆಂಗಸರಿಗೆ ಹಸು ಥರದ್ದು ಕೊಟ್ಟು ಎರಡು ವರ್ಷ ಜೊತೆಗಿರೋ ಯೋಜನೆ 2002ರಲ್ಲಿ ಶುರು ಮಾಡ್ತು. ಆ ಮನೆಗಳನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟ ಆಯ್ತು. ಅದರಲ್ಲಿ ಗೊತ್ತಾಗಿದ್ದೇನು ಅಂದ್ರೆ ಒಂದು ಹೊಸ್ತಿಲು ಇದೆ, ಕೊಟ್ಟ ಆಸ್ತಿ ಸೇರಿ ಆ ಹೊಸ್ತಿಲು ದಾಟಿದೋರು ತಾವಾಗೇ ಮೇಲೆ ಹೋದ್ರು, ದಾಟೋಕೆ ಸ್ವಲ್ಪ ಕಮ್ಮಿ ಬಿದ್ದೋರು ಮೆಲ್ಲಗೆ ವಾಪಸ್ ಜಾರಿದ್ರು. ಇದೇ ಮಾದರಿನ ಆರು ದೇಶದ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷೆ ಮಾಡಿದ ಫಲಿತಾಂಶ 2015ರಲ್ಲಿ ಬಂತು, ಯೋಜನೆ ಮುಗಿದು ಒಂದು ವರ್ಷ ಆದ ಮೇಲೂ ಲಾಭ ಉಳಿದಿತ್ತು. ಬರೀ ಸಣ್ಣ ಸಾಲ ಕೊಟ್ರೆ ಸಾಕು ಅನ್ನೋ ಕಾಲವೂ ಒಂದಿತ್ತು, ಅದೇ ವರ್ಷ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಬಂದಾಗ ಅದರಿಂದ ಬದುಕು ಬದಲಾಗಿದ್ದು ಕಾಣ್ಲಿಲ್ಲ. ಕೀನ್ಯಾದಲ್ಲಿ ನಗದು ಕೊಟ್ಟು ನೋಡಿದಾಗ, ಒಂದೇ ಸಲ ದೊಡ್ಡ ಮೊತ್ತ ಸಿಕ್ಕವರು ಬಾಳಿಕೆ ಬರೋ ವಸ್ತುಗಳ ಮೇಲೆ ಹಾಕಿದ್ರು, ತಿಂಗಳು ತಿಂಗಳು ಸಿಕ್ಕವರ ಮನೇಲಿ ಊಟ ಸುಧಾರಿಸ್ತು. ಎರಡೂ ಬೇಕಾದ್ದೇ, ಯಾವುದಕ್ಕೆ ಯಾವುದು ಅಂತ ಗೊತ್ತಿರ್ಬೇಕು ಅಷ್ಟೇ.

ನಿಮ್ಮ ಕೇಸಲ್ಲಿ ಮೊದಲು ಸಾಲ. ಇಬ್ರೇ ಕೂತು, ಹೆಂಡತಿ ಮಕ್ಕಳ ಮುಂದೆ ಬೇಡ, ಯಾರಿಗೆ ಎಷ್ಟು, ಬಡ್ಡಿ ಯಾವ ಲೆಕ್ಕ ಅಂತ ಒಂದು ಹಾಳೆಲಿ ಬರೀರಿ. ಅದರಲ್ಲಿ ವಾರದ ಬಡ್ಡಿದು ಯಾವುದೋ ಅದನ್ನ ಪೂರ್ತಿ ತೀರಿಸಿ, ಎಲ್ಲಾ ಸಾಲಕ್ಕೂ ಸ್ವಲ್ಪ ಸ್ವಲ್ಪ ಹಂಚಬೇಡಿ. ಆಮೇಲೆ ಕೇಳಿ, ವೆಲ್ಡಿಂಗ್ ಮೆಷಿನ್ ಸ್ವಂತದ್ದಾ ಬಾಡಿಗೆದಾ ಅಂತ. ಬಾಡಿಗೆದು ಅಂದ್ರೆ ನೀವು ವರ್ಷವಿಡೀ ಕೊಡೋದನ್ನ ಒಟ್ಟು ಮಾಡಿ ಒಂದು ಮೆಷಿನ್ ಕೊಡ್ಸಿ, ಕಣ್ಣಿಗೆ ಒಳ್ಳೆ ಗಾಜಿನ ಮುಖವಾಡನೂ ಸೇರಿಸಿ, ಕಣ್ಣು ಹೋದ್ರೆ ಮೆಷಿನ್ ಇಟ್ಕೊಂಡು ಏನ್ ಮಾಡೋದು. ಇದರ ಮೇಲೆ ಒಂದು ತಿಂಗಳ ಖರ್ಚಿನಷ್ಟು ನಿಮ್ಮ ಹತ್ರ ಅವನ ಹೆಸರಲ್ಲಿ ಎತ್ತಿಡಿ, ಹುಷಾರಿಲ್ಲದೇ ಇದ್ದಾಗ ಕೆಲಸ ಇಲ್ಲದಾಗ ಯಾಕೆ ಏನು ಅಂತ ಕೇಳದೇ ಕೊಡೋಕೆ. ಅವನು ಅದನ್ನ ಮುಟ್ಟದೇ ಇದ್ರೂ ಪರ್ವಾಗಿಲ್ಲ, ಇದೆ ಅಂತ ಅವನಿಗೆ ಗೊತ್ತಿದ್ರೆ ಸಾಕು. ಮಕ್ಕಳಿದ್ರೆ ಸ್ಕೂಲಿನ ಖರ್ಚು ಬೇರೆ ನೋಡ್ಕೊಳಿ, ಅದನ್ನ ಈ ಲೆಕ್ಕಕ್ಕೆ ಸೇರಿಸಬೇಡಿ, ನಿಮ್ಮ ಫೀಸಿನ ಲೆಕ್ಕ ಅವನು ಇನ್ನೂ ಕೇಳಿಲ್ಲ.

ಇಷ್ಟು ಮಾಡಿದ್ರೂ ಅವನು ಏಳ್ತಾನೆ ಅಂತ ಗ್ಯಾರಂಟಿ ಕೊಡೋಕೆ ಆಗಲ್ಲ. ಕೆಲವರು ಏಳಲ್ಲ, ವಯಸ್ಸಾಗಿರತ್ತೆ, ಮೈ ಸೋತಿರತ್ತೆ, ಮನಸ್ಸು ಬೇರೆ. ಮತ್ತೆ ಊರಿನ ಅಂತರವನ್ನೆಲ್ಲ ಒಬ್ಬ ತಮ್ಮ ತುಂಬೋಕೂ ಆಗಲ್ಲ, ಕೂಲಿ, ಆಸ್ಪತ್ರೆ, ಸ್ಕೂಲು ಇವು ಸರ್ಕಾರಗಳು ಮಾಡ್ಬೇಕಾದ ಕೆಲಸ, ಅದಕ್ಕೆ ಇನ್ನೊಂದು ಉತ್ತರ ಬೇಕು.

ಫೋನ್ ಮಾಡಿದಾಗ ಟಿವಿ ವಿಷ್ಯ ಎತ್ತಬೇಡಿ. ಮೆಷಿನ್ ಯಾರದು ಅಂತ ಕೇಳಿ ಶುರು ಮಾಡಿ.